ಸಂತೆ ಕೂಡುತ್ತದೆ, ಮಾರುಕಟ್ಟೆ ಕುಸಿಯುತ್ತದೆ



ಮಾರ್ಕೆಟ್ ಎಂಬ ಇಂಗ್ಲಿಷ್ ಪದವನ್ನೂ ಅದರ ಸುತ್ತಮುತ್ತ ನಾವು ಬಳಸುವ ಕನ್ನಡ ಪದಗಳನ್ನೂ ಎದುರುಬದುರು ಇಟ್ಟು ನೋಡುವುದು ಈ ಉಪನ್ಯಾಸದ ಕೆಲಸ. ಪದಗಳ ಚರ್ಚೆ ಪಂಡಿತರಿಗೆ ಬಿಟ್ಟ ವಿಷಯ ಎಂದು ಯಾರೂ ಭಾವಿಸಬಾರದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ನಮ್ಮ ಮೂರೂ ಊರುಗಳು ಮಾರಿ, ಕೊಂಡು, ತೂಗಿ, ಹೊತ್ತು ಬೆಳೆದ ಊರುಗಳು. ಒಂದು ಚೀಲ ಮೆಣಸಿನಕಾಯಿಯ ಬೆಲೆ ಇಳಿದ ದಿನ ಯಾರನ್ನು ಹೋಗಿ ಕೇಳಬೇಕು ಎಂಬ ಪ್ರಶ್ನೆಗೂ, ಆ ಇಳಿತವನ್ನು ನಾವು ಯಾವ ಮಾತಿನಲ್ಲಿ ಹೇಳುತ್ತೇವೆ ಎಂಬುದಕ್ಕೂ ನೇರ ಸಂಬಂಧವಿದೆ. ಇದು ನನ್ನ ದೃಢವಾದ ನಂಬಿಕೆ. ಅದನ್ನೇ ಇಂದು ನಿಮ್ಮ ಮುಂದೆ ಬಿಡಿಸಿ ಹೇಳಲು ನಿಂತಿದ್ದೇನೆ.

ಮೊದಲು ನಮ್ಮ ದಿನದ ಮಾತನ್ನೇ ನೋಡೋಣ. ‘ಮಾರ್ಕೆಟ್ಟಿಗೆ ಹೋಗಿ ಕಾಯಿಪಲ್ಲೆ ತಂದೆ’ ಎನ್ನುತ್ತೇವೆ. ಅಲ್ಲಿ ಮಾರ್ಕೆಟ್ ಎಂದರೆ ಒಂದು ಜಾಗ. ‘ಈ ವರ್ಷ ಗೋವಿನಜೋಳಕ್ಕೆ ಮಾರ್ಕೆಟ್ ಇಲ್ಲ’ ಎನ್ನುತ್ತೇವೆ. ಜಾಗ ಎಲ್ಲಿಗೂ ಹೋಗಿಲ್ಲ, ಇಲ್ಲದ್ದು ಬೇಡಿಕೆ. ‘ಶೇರ್ ಮಾರ್ಕೆಟ್ ಬಿತ್ತು’ ಎಂದಾಗ ಅದು ಜಾಗವೂ ಅಲ್ಲ, ಬರಿ ಬೇಡಿಕೆಯೂ ಅಲ್ಲ, ಮುಖ ಕಾಣದ ಲಕ್ಷಾಂತರ ಜನರ ಕೊಡುಕೊಳ್ಳುವಿಕೆಯ ಒಟ್ಟು ಫಲ. ‘ಆ ನಟನಿಗೆ ಈಗ ಮಾರ್ಕೆಟ್ ಇಲ್ಲ’ ಎಂದರೆ ಒಬ್ಬ ಮನುಷ್ಯನ ಬೆಲೆಯ ಮಾತು. ನಾಲ್ಕು ಅರ್ಥ, ಒಂದೇ ಪದ. ಇಂಗ್ಲಿಷಿನವರಿಗೂ ಇದು ಹೀಗೆಯೇ. ಜಾಗವನ್ನೇ ಹೇಳಬೇಕಾದಾಗ ಅವರು ‘ಮಾರ್ಕೆಟ್ ಪ್ಲೇಸ್’ ಎಂದು ಬಾಲ ಸೇರಿಸಿ ಹೇಳುವ ಸ್ಥಿತಿ ಬಂದಿದೆ.

ಕನ್ನಡದಲ್ಲಿ ಈ ಕೆಲಸಗಳನ್ನು ಬೇರೆ ಬೇರೆ ಪದಗಳು ಹಂಚಿಕೊಂಡಿದ್ದವು: ಸಂತೆ, ಪೇಟೆ, ಅಂಗಡಿ, ಬಜಾರ, ಧಾರಣೆ, ಗಿರಾಕಿ. ಇವುಗಳ ನಡುವಿನ ವ್ಯತ್ಯಾಸ ನಿಘಂಟಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ನಿಘಂಟು ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಟ್ಟು ಮುಂದೆ ಹೋಗುತ್ತದೆ. ವ್ಯತ್ಯಾಸ ಕಾಣುವುದು ಕ್ರಿಯಾಪದದಲ್ಲಿ. ನಾಮಪದ ಯಾವ ಕ್ರಿಯಾಪದದ ಜೊತೆ ಸಂಸಾರ ಮಾಡುತ್ತದೆ ಎಂದು ನೋಡಿದರೆ, ಆ ಪದದ ಬಗ್ಗೆ ಮಾತನಾಡುವ ಜನರ ಕಲ್ಪನೆ ಏನು ಎಂಬುದು ಬಯಲಾಗುತ್ತದೆ.

ಸಂತೆಯಿಂದ ಶುರು ಮಾಡುತ್ತೇನೆ. ನಮ್ಮ ಕಡೆಯ ಬಾಯಿಮಾತಿನಲ್ಲಿ ಸಂತಿ. ಸಂತೆ ಕೂಡುತ್ತದೆ, ನೆರೆಯುತ್ತದೆ, ಇಳಿಹೊತ್ತಿಗೆ ಹರಿಯುತ್ತದೆ. ಸಭೆ ಕೂಡುತ್ತದೆ, ಜಾತ್ರೆ ಕೂಡುತ್ತದೆ, ಮಂದಿ ಕೂಡುತ್ತಾರೆ. ಸಂತೆಗೂ ಅದೇ ಕ್ರಿಯಾಪದ. ಕನ್ನಡಿಗರ ಮನಸ್ಸಿನಲ್ಲಿ ಸಂತೆ ಎಂದರೆ ಮೊದಲು ಜನ, ಆಮೇಲೆ ವಾರದ ಒಂದು ದಿನ, ಕೊನೆಗೆ ಒಂದು ಬಯಲು. ಸಂತೆಯಿಲ್ಲದ ದಿನ ಆ ಬಯಲಿನಲ್ಲಿ ಹುಡುಗರು ಚೆಂಡಾಡುತ್ತಾರೆ, ದನ ಮಲಗಿರುತ್ತವೆ. ಅದನ್ನು ಸಂತೆ ಎಂದು ಯಾರೂ ಕರೆಯುವುದಿಲ್ಲ. ಗ್ರೀಕರ ‘ಅಗೋರಾ’ ಕೂಡ ಕೂಡುವುದು ಎಂಬ ಧಾತುವಿನಿಂದಲೇ ಬಂದದ್ದು. ಇಂಗ್ಲಿಷಿನ ‘ಫೇರ್’ ಲ್ಯಾಟಿನ್ನಿನಲ್ಲಿ ಹಬ್ಬದ ದಿನ, ಬಿಡುವಿನ ದಿನ. ಜಾತ್ರೆಗೂ ಸಂತೆಗೂ ಇರುವ ನಂಟನ್ನು ನಮ್ಮ ಜನರಂತೆ ಬೇರೆ ಜನರೂ ಕಂಡಿದ್ದರು.

‘ಸಂತೆ ಮಾಡು’ ಎಂಬ ಬಳಕೆಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ‘ಸಂತಿ ಮಾಡ್ಕೊಂಡ ಬಂದೆ’ ಎಂದು ಒಬ್ಬ ಹೆಣ್ಣುಮಗಳು ಹೇಳಿದರೆ ಆಕೆ ಮಾರಿ ಬಂದಳೋ ಕೊಂಡು ಬಂದಳೋ ಎಂದು ಆ ಮಾತು ಹೇಳುವುದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಂದು ಪುಟ್ಟಿ ಅವರೆಕಾಯಿ ತಂದು ಮಾರಿದಳು, ಆ ದುಡ್ಡಿನಲ್ಲಿ ಉಪ್ಪು, ಎಣ್ಣೆ, ಮಗುವಿಗೆ ಒಂದಿಷ್ಟು ಚುರುಮುರಿ ಕೊಂಡಳು. ಬೆಳಗ್ಗೆ ಮಾರುವವಳು, ಮಧ್ಯಾಹ್ನ ಕೊಳ್ಳುವವಳು. ಇಬ್ಬರೂ ಆಕೆಯೇ. ಅರ್ಥಶಾಸ್ತ್ರದ ಮಾರ್ಕೆಟ್ಟಿನಲ್ಲಿ ಮಾರುವವರು ಒಂದು ಗೆರೆ, ಕೊಳ್ಳುವವರು ಇನ್ನೊಂದು ಗೆರೆ. ಸಂತೆಯಲ್ಲಿ ಆ ಎರಡು ಗೆರೆಗಳು ಒಬ್ಬಳೇ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿ ಸೇರುತ್ತಿದ್ದವು.

ಸಂತೆಗೆ ಕೆಟ್ಟ ಹೆಸರೂ ಇದೆ. ಗದ್ದಲಕ್ಕೆ ಸಂತೆ ಎನ್ನುತ್ತೇವೆ. ಅಕ್ಕಮಹಾದೇವಿ ಸಂತೆಯ ಸದ್ದನ್ನು ಲೋಕದ ಸದ್ದಿಗೇ ಹೆಸರಾಗಿಸಿದಳು. ಅವಸರದ ಕೆಲಸಕ್ಕೆ ‘ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು’ ಎನ್ನುತ್ತೇವೆ. ಸಂತೆ ನೆರೆಯುವ ಮೊದಲೇ ಗಂಟುಕಳ್ಳರು ನೆರೆದರು ಎಂಬ ಗಾದೆಯಲ್ಲಿ ‘ನೆರೆ’ ಎಂಬ ಒಂದೇ ಕ್ರಿಯಾಪದ ಎರಡೂ ಕಡೆ ನಿಂತಿರುವುದನ್ನು ಗಮನಿಸಿ. ಸಂತೆಯೂ ಜನ, ಕಳ್ಳರೂ ಜನ, ಕೂಡುವ ರೀತಿ ಒಂದೇ. ಗಾದೆ ಕಟ್ಟಿದವರಿಗೆ ಸಂತೆಯ ಮೇಲೆ ಮೋಹವೇನೂ ಇರಲಿಲ್ಲ. ಆದರೆ ಗಂಟು ಕದ್ದವನು ಯಾರೋ ಒಬ್ಬ ಮನುಷ್ಯ ಎಂಬ ಅರಿವು ಅವರಿಗಿತ್ತು.

ಪೇಟೆ ಬೇರೆ ಜಾತಿಯ ಪದ. ಪೇಟೆ ಕೂಡುವುದಿಲ್ಲ, ಹರಿಯುವುದೂ ಇಲ್ಲ, ಪೇಟೆ ಇರುತ್ತದೆ. ಮರಾಠಿಯ ‘ಪೇಠ್’, ತೆಲುಗಿನ ‘ಪೇಟ’, ತಮಿಳಿನ ‘ಪೇಟ್ಟೈ’ ಎಲ್ಲವೂ ಇದರ ಬಳಗ. ಸಂತೆ ಊರಿನ ಹೆಸರಿನ ಮುಂದೆ ಬಂದು ಕೂರುತ್ತದೆ: ಸಂತೆಬೆನ್ನೂರು, ಸಂತೆಮರಹಳ್ಳಿ, ಸಂತೆಶಿವರ. ಮೊದಲು ಊರಿತ್ತು, ಅಲ್ಲಿ ಸಂತೆ ಕೂಡತೊಡಗಿತು. ಪೇಟೆ ಹೆಸರಿನ ಕೊನೆಗೆ ಬರುತ್ತದೆ: ಹೊಸಪೇಟೆ, ಗುಂಡ್ಲುಪೇಟೆ, ಸೋಮವಾರಪೇಟೆ. ಅಲ್ಲಿ ಪೇಟೆಯೇ ಊರಾಯಿತು. ಹಳ್ಳಿಯವರು ‘ಪ್ಯಾಟಿಗೆ ಹೋಗಿದ್ದೆ’ ಎಂದರೆ ಪಟ್ಟಣಕ್ಕೆ ಹೋಗಿದ್ದೆ ಎಂದರ್ಥ. ಆಸ್ಪತ್ರೆಗೆ ಹೋಗಿದ್ದರೂ ಸರಿ, ಕೋರ್ಟಿಗೆ ಹೋಗಿದ್ದರೂ ಸರಿ.

ನಮ್ಮ ಮೂರು ಊರುಗಳು, ಪೇಟೆಯೇ ಊರಾದ ಈ ಅರ್ಥದಲ್ಲಿ, ಪೇಟೆಗಳು. ಏಲಕ್ಕಿ ಬೆಳೆಯುವುದು ಘಟ್ಟದಲ್ಲಿ, ಏಲಕ್ಕಿ ಹಾರಕ್ಕೆ ಹೆಸರಾದದ್ದು ಹಾವೇರಿ. ರಾಣೆಬೆನ್ನೂರಿಗೆ ಹತ್ತಿ ಬಂತು, ಈಗ ಬೀಜದ ವ್ಯಾಪಾರ ಬಂದಿದೆ. ಸುತ್ತಲಿನ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಹಚ್ಚುವ ಕೆಲಸಕ್ಕೆ ಅಲ್ಲಿನ ಜನ ‘ಕ್ರಾಸಿಂಗ್’ ಎನ್ನುತ್ತಾರೆ, ಅದು ಈಗ ಕನ್ನಡವೇ. ಬ್ಯಾಡಗಿಯದು ಇನ್ನೂ ದೊಡ್ಡ ಸಂಗತಿ. ಅಲ್ಲಿಗೆ ಬರುವ ಕಾಯಿ ಧಾರವಾಡ, ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಗಳಿಂದ, ಆಂಧ್ರದಿಂದಲೂ ಬರುತ್ತದೆ. ಆದರೂ ಆ ಕಾಯಿಯ ಹೆಸರು ಬ್ಯಾಡಗಿ ಮೆಣಸಿನಕಾಯಿ. ಬೆಳೆದ ಹೊಲದ ಹೆಸರು ಹೋಗಿ ಮಾರಿದ ಪೇಟೆಯ ಹೆಸರು ತಳಿಗೆ ಅಂಟಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಅಂಗಡಿಯ ಬಗ್ಗೆ ಒಂದೆರಡು ಮಾತು ಸಾಕು. ಕನ್ನಡದಲ್ಲಿ ಅಂಗಡಿ ಒಂದು ಮಳಿಗೆ. ಮಲಯಾಳದಲ್ಲಿ ಅದೇ ಪದ ಇಡೀ ಪೇಟೆ. ಬೆಳ್ತಂಗಡಿ, ಉಪ್ಪಿನಂಗಡಿ, ಹಳೆಯಂಗಡಿ ಎಂಬ ಕರಾವಳಿಯ ಊರ ಹೆಸರುಗಳಲ್ಲಿ ಆ ಹಿರಿಯ ಅರ್ಥ ಉಳಿದುಕೊಂಡಿದೆ. ಬಜಾರ ಪಾರಸಿಯಿಂದ ಬಂತು, ನಮ್ಮಲ್ಲಿ ಎರಡು ಕಡೆ ಅಂಗಡಿ ಸಾಲಿರುವ ಬೀದಿಯಾಯಿತು. ಕಲಬುರಗಿ, ರಾಯಚೂರಿನವರಿಗೆ ಧಾನ್ಯದ ಪೇಟೆ ಎಂದರೆ ಗಂಜ್. ಶಿವಮೊಗ್ಗದವರಿಗೆ ಅಡಿಕೆ ಮಾರುವ ಜಾಗ ಮಂಡಿ.

ಕೊಡುಕೊಳ್ಳುವ ಕೆಲಸಕ್ಕೆ ನಾವು ಬಳಸುವ ಪದಗಳು ಎಷ್ಟು ದೂರದಿಂದ ಬಂದಿವೆ ಎಂದು ನೋಡಿದರೆ ಈ ಪೇಟೆಗಳ ಹಳೆಯ ಸಂಪರ್ಕ ಗೊತ್ತಾಗುತ್ತದೆ. ದಲಾಲ, ಹಮಾಲ ಎರಡೂ ಅರಬ್ಬಿ ಮೂಲದವು. ಲಿಲಾವು ಪೋರ್ಚುಗೀಸರದು, ಮರಾಠಿಯ ಕೈಯಿಂದ ನಮ್ಮ ಕೈಗೆ ಬಂತು. ಸವಾಲು ಎಂದರೆ ಅರಬ್ಬಿಯಲ್ಲಿ ಪ್ರಶ್ನೆ, ಲಿಲಾವಿನ ಕಟ್ಟೆಯಲ್ಲಿ ಕೂಗುವ ಬೆಲೆ. ಮೆಣಸಿನಕಾಯಿಯೇ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ಬೆಳೆ. ಬಂದವನಿಗೆ ನಾವು ಹೊಸ ಹೆಸರು ಹುಡುಕಲಿಲ್ಲ, ನಮ್ಮ ಮೆಣಸಿನ ಹೆಸರನ್ನೇ ಕೊಟ್ಟೆವು. ಆದ್ದರಿಂದ ಮಾರ್ಕೆಟ್ ಎಂಬುದು ಹೊರಗಿನ ಪದ ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಸಿಟ್ಟಿಲ್ಲ. ದಲಾಲ ಎಂಬ ಪದ ಬಂದಾಗ ಅದು ಒಬ್ಬ ಮನುಷ್ಯನನ್ನು ಹೆಸರಿಸುತ್ತಿತ್ತು, ಹಮಾಲ ಎಂಬ ಪದವೂ ಹಾಗೆಯೇ. ನನ್ನ ಚಿಂತೆ ಇರುವುದು ಮನುಷ್ಯರನ್ನು ಮರೆಮಾಡುವ ಪದದ ಬಗ್ಗೆ.

ಮನುಷ್ಯರು ಮರೆಯಾಗದ ವ್ಯಾಪಾರ ಹೇಗಿರುತ್ತದೆ ಎಂದು ನೋಡಲು ಹಾವೇರಿಯ ದನದ ಪ್ಯಾಟಿಗೆ ಬನ್ನಿ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ: ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ. ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾರೆ. ಆಮೇಲೆ ಇಬ್ಬರ ಕೈ ಒಂದು ಟವೆಲ್ಲಿನ ಕೆಳಗೆ ಸೇರುತ್ತವೆ. ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿ ಅದು. ಸುತ್ತ ನಿಂತವರಿಗೆ ಮಾತು ಕೇಳುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಬೆಲೆ ಗುಟ್ಟಾದರೂ ಹಿಡಿದ ಕೈ ಯಾರದು ಎಂಬುದು ಗುಟ್ಟಲ್ಲ. ನಾಳೆ ಎತ್ತು ಗಳೇವಿಗೆ ಹೂಡಿದಾಗ ಮಲಗಿದರೆ ಯಾವ ಊರಿನ ಯಾರನ್ನು ಹೋಗಿ ಕೇಳಬೇಕು ಎಂಬುದು ಕೊಂಡವನಿಗೆ ಗೊತ್ತು. ಮಾತು ಕುದುರಿದ ಮೇಲೆ ಕೊಡುವ ಮುಂಗಡಕ್ಕೆ ಸಂಚಕಾರ ಎಂಬ ಹಳೆಯ ಹೆಸರಿದೆ. ಅದು ‘ಸತ್ಯಂಕಾರ’ದ ತದ್ಭವ, ಮಾತನ್ನು ಸತ್ಯ ಮಾಡಿಕೊಡುವ ಹಣ. ಇಂದು ಆ ಪದವನ್ನು ‘ಪ್ರಾಣಕ್ಕೆ ಸಂಚಕಾರ’ ಎಂದು ಕೇಡಿನ ಅರ್ಥದಲ್ಲಿ ಮಾತ್ರ ಹೆಚ್ಚು ಬಳಸುತ್ತೇವೆ. ಅದರ ಮೊದಲ ಅರ್ಥ ಮಾಸುತ್ತಿರುವುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಹೀಗೆ ಹೆಸರು ಹೇಳಿ ಹೊಣೆ ಹೊರುತ್ತಿದ್ದ ಹಿಂದಿನವರಿಗೆ ವ್ಯಾಪಾರವನ್ನೂ ದಾನವನ್ನೂ ಜೋಡಿಸುವುದು ಗೊತ್ತಿತ್ತು. ಹನ್ನೊಂದು, ಹನ್ನೆರಡನೆಯ ಶತಮಾನಗಳ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರು, ನಾನಾದೇಶಿಗಳು ಎಂಬ ವರ್ತಕ ಸಂಘಗಳು ದೇವಾಲಯಗಳಿಗೆ ದತ್ತಿ ಬಿಡುತ್ತವೆ: ಹೇರಿಗೆ ಇಷ್ಟು ಎಲೆ, ಇಷ್ಟು ಅಡಕೆ, ಇಷ್ಟು ಸುಂಕ. ಕೊಟ್ಟವರ ಹೆಸರು, ಕೊಡುವ ಲೆಕ್ಕ, ಮುರಿದವರಿಗೆ ಬರುವ ಪಾಪ ಎಲ್ಲವೂ ಕಲ್ಲಿನಲ್ಲಿ ಕೂತಿರುತ್ತವೆ. ಇಂದು ನಾವು ಕೂಡಿರುವುದೂ ಒಂದು ದತ್ತಿಯ ಹೆಸರಿನಲ್ಲಿ. ಸಂಪಾದಿಸಿದ ಹಣದಲ್ಲಿ ಒಂದು ಪಾಲನ್ನು ನುಡಿಗೆಂದು ಎತ್ತಿಟ್ಟವರ ಮುಂದೆ ಈ ಮಾತು ಹೇಳುವುದು ನನ್ನ ಪಾಲಿಗೆ ಗೌರವ.

ಇನ್ನು ಇಂಗ್ಲಿಷಿನ ಮಾರ್ಕೆಟ್ ಕಡೆಗೆ. ಲ್ಯಾಟಿನ್ನಿನಲ್ಲಿ ‘ಮೆರ್ಕ್ಸ್’ ಎಂದರೆ ಸರಕು, ‘ಮೆರ್ಕಾತುಸ್’ ಎಂದರೆ ಸರಕಿನ ವ್ಯವಹಾರ. ಮರ್ಚೆಂಟ್, ಕಾಮರ್ಸ್ ಅದೇ ಮನೆಯವು. ಕೂಲಿ, ಪ್ರತಿಫಲ ಎಂಬರ್ಥದ ‘ಮೆರ್ಸೆಸ್’ ಕಡೆಯಿಂದ ಬಂದದ್ದು ಮರ್ಸಿ, ಅಂದರೆ ದಯೆ. ಇಂಗ್ಲಿಷಿನಲ್ಲಿ ಅಗ್ಗ ಎಂಬರ್ಥದ ‘ಚೀಪ್’ ಕೂಡ ಒಂದು ಕಾಲಕ್ಕೆ ವ್ಯಾಪಾರಕ್ಕೆ, ಪೇಟೆಗೆ ಇದ್ದ ಹೆಸರು. ಲಂಡನ್ನಿನ ಚೀಪ್‌ಸೈಡ್ ಬೀದಿಯ ಹೆಸರು ಅಲ್ಲಿಂದ ಬಂತು. ಶತಮಾನಗಳ ಕಾಲ ಮಾರ್ಕೆಟ್ ಎಂದರೆ ನಮ್ಮ ಸಂತೆಯ ಹಾಗೆ ಗೊತ್ತಾದ ಊರಿನಲ್ಲಿ ಗೊತ್ತಾದ ದಿನ ಕೂಡುವ ಕೂಟವೇ ಆಗಿತ್ತು. 1776ರಲ್ಲಿ ಬಂದ ಆಡಂ ಸ್ಮಿತ್‌ನ ‘ವೆಲ್ತ್ ಆಫ್ ನೇಷನ್ಸ್’ನ ಮೂರನೆಯ ಅಧ್ಯಾಯ ಮಾರ್ಕೆಟ್ಟಿನ ವಿಸ್ತಾರದ ಬಗ್ಗೆ ಮಾತನಾಡುತ್ತದೆ. ಕೆಲಸವನ್ನು ಎಷ್ಟು ಸಣ್ಣದಾಗಿ ಹಂಚಿಕೊಳ್ಳಬಹುದು ಎಂಬುದು ಕೊಳ್ಳುವವರು ಎಷ್ಟು ದೂರದವರೆಗೆ ಇದ್ದಾರೆ ಎಂಬುದನ್ನು ಅವಲಂಬಿಸಿದೆ ಎಂಬುದು ಅಲ್ಲಿನ ವಾದ. ಅಲ್ಲಿ ಮಾರ್ಕೆಟ್ಟಿಗೆ ಅಂಗಳವಿಲ್ಲ, ವಾರವಿಲ್ಲ, ವಿಸ್ತಾರ ಮಾತ್ರ ಇದೆ. 1944ರಲ್ಲಿ ಕಾರ್ಲ್ ಪೊಲಾನ್ಯಿ ‘ದಿ ಗ್ರೇಟ್ ಟ್ರಾನ್ಸ್‌ಫರ್ಮೇಷನ್’ ಬರೆದು, ಊರೂರಿನ ಸಂತೆಗಳು ಎಲ್ಲ ಕಾಲದಲ್ಲೂ ಇದ್ದವು, ಇಡೀ ಸಮಾಜವೇ ಮಾರ್ಕೆಟ್ಟಿನ ಅಧೀನವಾದದ್ದು ಹೊಸ ಸಂಗತಿ ಎಂದು ಬೇರ್ಪಡಿಸಿ ತೋರಿಸಿದ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇದ್ದುದರಿಂದ ಆತ ಅಷ್ಟು ಶ್ರಮಪಡಬೇಕಾಯಿತು. ಕನ್ನಡಿಗ ಅದನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು: ಸಂತೆ ಬೇರೆ, ಮಾರುಕಟ್ಟೆ ಬೇರೆ.

ಮಾರುಕಟ್ಟೆ ಎಂಬುದು ಚೆಂದದ ಪದ. ಮಾರ್ಕೆಟ್ಟಿನ ಸದ್ದೂ ಅದರಲ್ಲಿದೆ, ಮಾರುವ ಕಟ್ಟೆ ಎಂಬ ಕನ್ನಡದ ಅರ್ಥವೂ ಇದೆ. ಕಟ್ಟೆ ಎಂದರೆ ಅರಳಿಕಟ್ಟೆ, ನ್ಯಾಯದ ಕಟ್ಟೆ. ಮುಖ ನೋಡಿ ಕೂತು ಮಾತನಾಡುವ ಜಾಗ. ಆದರೆ ಬಳಸಿ ಬಳಸಿ ಅದರೊಳಗಿನ ಕಟ್ಟೆ ನಮ್ಮ ಕಿವಿಗೆ ಕೇಳದಂತಾಗಿದೆ. 2014ರಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಟೆಂಡರಿಗೆ ತಂದ ವ್ಯವಸ್ಥೆಯ ಹೆಸರು ‘ಏಕೀಕೃತ ಮಾರುಕಟ್ಟೆ ವೇದಿಕೆ’. ಕಟ್ಟೆಯೂ ವೇದಿಕೆಯೇ. ಕಟ್ಟೆ ಎಂಬುದು ಪದದೊಳಗೆ ಕರಗಿಹೋದದ್ದರಿಂದ ಇನ್ನೊಂದು ಕಟ್ಟೆಯನ್ನು ಸಂಸ್ಕೃತದಿಂದ ತಂದು ಪಕ್ಕದಲ್ಲಿ ಇಡಬೇಕಾಯಿತು.

ಈ ಪದ ಹಿಗ್ಗಿದ್ದರಲ್ಲಿ ಕಾನೂನಿನ ಪಾತ್ರವೂ ಇದೆ. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಸೀಮೆಗೆ ಹತ್ತಿ ಪೇಟೆಗಳ 1927ರ ಕಾಯ್ದೆ, ಕೃಷಿ ಉತ್ಪನ್ನಗಳ 1939ರ ಕಾಯ್ದೆ ಬಂದವು; ಏಕೀಕರಣದ ನಂತರ ರಾಜ್ಯಕ್ಕೆಲ್ಲ ಒಂದೇ ಆಗಿ 1966ರ ಕಾಯ್ದೆ ಬಂತು. ದಲಾಲರ ಮನಸ್ಸಿಗೆ ಬಂದ ತೂಕ, ಮನಸ್ಸಿಗೆ ಬಂದ ಸೂಟು ಎಂಬ ತೂಕದ ರಿಯಾಯಿತಿ, ಲೆಕ್ಕವಿಲ್ಲದ ಕಡಿತ ಇವುಗಳಿಂದ ರೈತನನ್ನು ಕಾಪಾಡುವುದು ಈ ಕೊನೆಯ ಕಾಯ್ದೆಯ ಉದ್ದೇಶ. ಆ ಉದ್ದೇಶದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆ ಕಾಯ್ದೆಯ ಭಾಷೆಯಲ್ಲಿ ಮಾರುಕಟ್ಟೆ ಬೇರೆ, ಮಾರುಕಟ್ಟೆ ಪ್ರಾಂಗಣ ಬೇರೆ, ಮಾರುಕಟ್ಟೆ ಪ್ರದೇಶ ಬೇರೆ, ಉಪ ಮಾರುಕಟ್ಟೆ ಬೇರೆ. ಮಾರುಕಟ್ಟೆ ಪ್ರದೇಶವೆಂದರೆ ಎಷ್ಟೋ ಕಡೆ ಇಡೀ ತಾಲ್ಲೂಕು. ಜನರು ಇದಾವುದನ್ನೂ ನಾಲಿಗೆಗೆ ತಂದುಕೊಳ್ಳಲಿಲ್ಲ. ‘ಎಪಿಎಂಸಿ’ ಎಂದರು, ‘ಯಾರ್ಡು’ ಎಂದರು. ರಾಣೆಬೆನ್ನೂರಿನ ಹೂಲಿಹಳ್ಳಿಯ ಬಳಿ ಆದದ್ದು ‘ಮೆಗಾ ಮಾರುಕಟ್ಟೆ’.

ಬ್ಯಾಡಗಿಯ ಯಾರ್ಡಿನಲ್ಲಿ ಟೆಂಡರ್ ದಿನ ನಡೆಯುವುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಸೋಮವಾರ, ಗುರುವಾರ ಅಲ್ಲಿನ ಮುಖ್ಯ ದಿನಗಳು. ಹಂಗಾಮಿನಲ್ಲಿ ದಲಾಲಿ ಅಂಗಡಿಗಳ ಮುಂದೆ ಚೀಲಗಳು ಆಳೆತ್ತರ ನಿಲ್ಲುತ್ತವೆ. ಗಾಳಿಯಲ್ಲಿ ಘಾಟು. ಹೊಸಬರು ಸೀನುತ್ತಾರೆ, ಹಳಬರು ಮೂಗಿಗೆ ಟವೆಲ್ ಕೂಡ ಕಟ್ಟುವುದಿಲ್ಲ. ಒಂದೊಂದು ಲಾಟಿಗೆ ಒಂದೊಂದು ನಂಬರು. ಖರೀದಿದಾರ ಚೀಲದ ಬಾಯಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಮುರಿದರೆ ಒಣಗಿದ್ದು ಗೊತ್ತಾಗುತ್ತದೆ, ಬೆರಳಿಗೆ ಹತ್ತಿದ ಕೆಂಪಿನಿಂದ ಬಣ್ಣ ಗೊತ್ತಾಗುತ್ತದೆ. ಡಬ್ಬಿ ತಳಿಯೋ ಕಡ್ಡಿ ತಳಿಯೋ, ಗುಂಟೂರು ಕಾಯಿಯೋ ಎಂಬುದು ತಿಳಿಯಲು ಸುಕ್ಕು ನೋಡಿದರೆ ಸಾಕು. ಬ್ಯಾಡಗಿ ಕಾಯಿಯ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಓಲಿಯೋರೆಸಿನ್ ಎಂಬ ಸಾರವಾಗಿ ತೆಗೆದು ತಿನಿಸಿಗೂ ತುಟಿಯ ಬಣ್ಣಕ್ಕೂ ಬಳಸುತ್ತಾರೆ. ನೋಡಿದವರು ಬೆಲೆ ಹಾಕುತ್ತಾರೆ. ಮೊದಲು ಚೀಟಿಯಲ್ಲಿ, ಈಗ ಆನ್‌ಲೈನ್‌ನಲ್ಲಿ. ಯಾರು ಎಷ್ಟು ಹಾಕಿದರು ಎಂಬುದು ಫಲ ಬರುವವರೆಗೆ ಒಬ್ಬರಿಗೊಬ್ಬರಿಗೆ ತಿಳಿಯುವುದಿಲ್ಲ. ಒಪ್ಪಿಗೆಯಾಗದಿದ್ದರೆ ರೈತ ಕೊಡದೆ ಇರಬಹುದು, ಕೋಲ್ಡ್ ಸ್ಟೋರೇಜಿನಲ್ಲಿ ಇಡಬಹುದು. ಬಾಡಿಗೆ ಕಟ್ಟುವ ಶಕ್ತಿ ಇದ್ದವನಿಗೆ ಮಾತ್ರ ಆ ಹಕ್ಕು ನಿಜವಾದ ಹಕ್ಕು.

ಆ ಅಂಗಳದಲ್ಲಿ ರೈತ ಕೇಳುವ ಪ್ರಶ್ನೆ ಒಂದೇ: ‘ಇವತ್ತ ಧಾರಣಿ ಏನೈತಿ?’ ಧಾರಣೆ ಬೆಲೆಯಂಥದ್ದಲ್ಲ. ಬೆಲೆ ವಸ್ತುವಿನದು, ತಮಿಳಿನ ‘ವಿಲೈ’ ಅದರ ಸೋದರ. ಕಿಮ್ಮತ್ತು ಗೌರವಕ್ಕೂ ಸಲ್ಲುತ್ತದೆ. ಕ್ರಯ ಈಗ ಹೊಲ ಮನೆಯ ಪತ್ರಗಳಲ್ಲಿ ಉಳಿದಿದೆ. ಧಾರಣೆ ಮಾತ್ರ ಒಂದು ಊರಿನ, ಒಂದು ದಿನದ, ಒಂದು ಮಾಲಿನ ಬೆಲೆ. ಊರು, ದಿನ ಹೇಳದೆ ಧಾರಣೆ ಹೇಳಲು ಬರುವುದಿಲ್ಲ. ಆಕಾಶವಾಣಿಯಲ್ಲಿ ‘ಪೇಟೆ ಧಾರಣೆ’ ಓದುತ್ತಿದ್ದಾಗ ನಮ್ಮ ಹಿರಿಯರು ಕೈಯ ಕೆಲಸ ನಿಲ್ಲಿಸಿ ಕೇಳುತ್ತಿದ್ದದ್ದು ಈ ಕಾರಣಕ್ಕೆ. ಈಗ ಮೊಬೈಲಿಗೆ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಅಂಕಿ ಬರುತ್ತವೆ. ಸುದ್ದಿಯಾಗುವುದು ಗರಿಷ್ಠ. ಎಲ್ಲೋ ಒಬ್ಬ ರೈತನ ನಾಲ್ಕು ಚೀಲ ಡಬ್ಬಿಗೆ ದಾಖಲೆ ಬೆಲೆ ಸಿಕ್ಕರೆ ಅದು ಮರುದಿನದ ತಲೆಬರಹ. ಅದನ್ನು ಓದಿ ಗಾಡಿ ಹೇರಿಕೊಂಡು ಬಂದವನಿಗೆ ಸಿಗುವುದು ಮೂರನೆಯ ಅಂಕಿ, ಹಲವು ಸಲ ಮೊದಲನೆಯದು. ‘ಮಾದರಿ’ ಎಂಬುದು ಬಹುಪಾಲು ಮಾಲು ಮಾರಿದ ಬೆಲೆ ಎಂದು ತಿಳಿಸುವ ಇನ್ನೊಂದು ಸರಳ ಕನ್ನಡ ಹೆಸರು ಬೇಕು. ಅಂಗಳದಲ್ಲಿ ಮಾದರಿ ಎಂದರೆ ತೋರಿಸಲು ತಂದ ಹಿಡಿ ಕಾಯಿ. ಅದು ಯಾವತ್ತೂ ಚೀಲದ ಒಳ್ಳೆಯ ಕಾಯಿ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ‘ಇಳಿ’ ಮತ್ತು ‘ಇಳಿಸು’ ಎಂಬ ಎರಡು ರೂಪಗಳಿವೆ, ‘ಬೀಳು’ ಮತ್ತು ‘ಬೀಳಿಸು’ ಇವೆ, ‘ಏರು’ ಮತ್ತು ‘ಏರಿಸು’ ಇವೆ. ಮೊದಲನೆಯದರಲ್ಲಿ ಮಾಡಿದವರಿಲ್ಲ. ಎರಡನೆಯದರಲ್ಲಿ ಮಾಡಿದವರು ಇದ್ದೇ ಇರಬೇಕು. ವರದಿಗಳಲ್ಲಿ, ಪತ್ರಿಕಾ ಪ್ರಕಟಣೆಗಳಲ್ಲಿ ‘ದರ ಕುಸಿಯಿತು’ ಎಂದಿರುತ್ತದೆ, ‘ಮಾರುಕಟ್ಟೆ ಕುಸಿಯಿತು’ ಎಂದಿರುತ್ತದೆ. ರೈತ ಹೇಳುವುದು ‘ರೇಟ್ ಇಳಿಸ್ಯಾರ’. ಯಾರು ಇಳಿಸಿದರು ಎಂದು ಆ ವಾಕ್ಯ ತಾನೇ ತಾನಾಗಿ ಕೇಳುತ್ತದೆ. ಖರೀದಿದಾರರು ಒಟ್ಟಾಗಿ ಕಡಿಮೆ ಹಾಕಿದರೋ? ದಲಾಲ ಸುಮ್ಮನಿದ್ದನೋ? ದಲಾಲ ರೈತನ ಪರವಾಗಿ ಮಾರುವವನು, ಆದರೆ ಕಾನೂನಿನಂತೆ ಅವನ ಕಮಿಷನ್ ಬರುವುದು ಕೊಳ್ಳುವವನಿಂದ. ರೈತನಿಗೆ ಮುಂಗಡ ಕೊಟ್ಟಿರುವವನೂ ಅವನೇ ಆಗಿದ್ದರೆ ‘ಬ್ಯಾಡ, ಈ ಬೆಲೆಗೆ ಕೊಡಬ್ಯಾಡ’ ಎಂದು ಹೇಳುವವರು ಯಾರು?

2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಏನಾಯಿತು ಎಂಬುದು ಈ ಸಭೆಗೆ ಗೊತ್ತು. ಬೆಲೆ ಇಳಿದದ್ದನ್ನು ಕಂಡು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಕಲ್ಲು ಬಿದ್ದವು, ವಾಹನಗಳು ಸುಟ್ಟುಹೋದವು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ದಿನವನ್ನು ನಾನು ಭಾಷೆಯ ಕಡೆಯಿಂದಲೂ ನೋಡುತ್ತೇನೆ. ‘ಇಳಿಸ್ಯಾರ’ ಎನ್ನುವವರಿಗೆ ‘ಇಳಿದಿದೆ’ ಎಂಬ ಉತ್ತರ ಮಾತ್ರ ಸಿಕ್ಕರೆ, ಕೇಳಿದ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ ಎಂದರ್ಥ. ದನದ ಪ್ಯಾಟಿಯಲ್ಲಿ ಟವೆಲ್ಲಿನ ಕೆಳಗಿನ ಕೈಗೆ ಒಬ್ಬ ಒಡೆಯನಿದ್ದ. ಇಲ್ಲಿ ಎದುರಿಗೆ ಕಂಡದ್ದು ಒಂದು ಕಟ್ಟಡ. ಸಿಟ್ಟು ಕಟ್ಟಡದ ಮೇಲೆ ತಿರುಗಿತು.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದ ವಾದವಲ್ಲ. ಎಲ್ಲ ಇಳಿತಕ್ಕೂ ಇಳಿಸಿದವರು ಇರುವುದಿಲ್ಲ. ಗುಂಟೂರಿನಲ್ಲಿ ಬೆಳೆ ಹೆಚ್ಚು ಬಂದರೆ, ಕೋಲ್ಡ್ ಸ್ಟೋರೇಜುಗಳಲ್ಲಿ ಹಿಂದಿನ ವರ್ಷದ ಮಾಲು ಉಳಿದಿದ್ದರೆ, ಬಣ್ಣದ ಸಾರ ಕೊಳ್ಳುವ ಹೊರದೇಶದ ಕಂಪನಿಗಳು ಈ ಸಲ ಕೈ ಬಿಗಿಹಿಡಿದರೆ, ಬ್ಯಾಡಗಿಯ ಯಾರೂ ಬಯಸದಿದ್ದರೂ ಧಾರಣೆ ಇಳಿಯುತ್ತದೆ. ಆ ದೊಡ್ಡ ಸಂಗತಿಗೆ ಒಂದು ಹೆಸರು ಬೇಕು. ಮಾರುಕಟ್ಟೆ ಎಂಬ ಪದ ಆ ಕೆಲಸ ಮಾಡಲಿ, ನನಗೆ ಒಪ್ಪಿಗೆ. ಹೊಲಕ್ಕೆ ಏನು ಹಾಕಬೇಕು ಎಂದು ಯೋಚಿಸುವ ರೈತನ ಮಗಳಿಗೆ ಗುಂಟೂರಿನ ಬೆಳೆಯ ಸುದ್ದಿ ತಿಳಿದಿರಬೇಕು. ಅದನ್ನು ತಿಳಿಸುವ ಕನ್ನಡ ಇನ್ನಷ್ಟು ಬೆಳೆಯಬೇಕು. ನಾನು ಒಪ್ಪದಿರುವುದು ಒಂದೇ: ಒಂದು ಅಂಗಳದಲ್ಲಿ, ಒಂದು ದಿನ, ಹೆಸರಿರುವ ಜನ ಹಾಕಿದ ಬೆಲೆಯನ್ನೂ ಅದೇ ಹೆಸರಿನಲ್ಲಿ ಹೇಳಿ ಮುಗಿಸುವುದು. ‘ಮಾರುಕಟ್ಟೆ ನಿರ್ಧರಿಸುತ್ತದೆ’ ಎಂಬ ವಾಕ್ಯ ನಮ್ಮ ಪತ್ರಿಕೆಗಳಲ್ಲಿ, ಪಠ್ಯಗಳಲ್ಲಿ ಈಚೆಗೆ ಮಾಮೂಲಾಗಿದೆ. ಸಂತೆ ಎಂದೂ ಏನನ್ನೂ ನಿರ್ಧರಿಸಲಿಲ್ಲ. ಸಂತೆಗೆ ಬಂದವರು ನಿರ್ಧರಿಸಿದರು.

ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರುಗಳಿಗೆ ಒಂದು ವಿನಂತಿ. ಪಾಠ ಮಾಡುವಾಗ ಮಾರುಕಟ್ಟೆ ಎಂದು ಬಂದಲ್ಲೆಲ್ಲ ಸಂತೆ, ಪೇಟೆ, ಧಾರಣೆ, ಬೇಡಿಕೆ, ಖರೀದಿದಾರರು ಈ ಐದರಲ್ಲಿ ಯಾವುದನ್ನು ಇಟ್ಟರೆ ವಾಕ್ಯ ನಿಲ್ಲುತ್ತದೆ ಎಂದು ಹುಡುಗರಿಂದ ಇಡಿಸಿ ನೋಡಿ. ‘ಮಾರುಕಟ್ಟೆ ಚೇತರಿಸಿತು’ ಎಂಬಲ್ಲಿ ಧಾರಣೆ ನಿಲ್ಲುತ್ತದೆ. ‘ಮಾರುಕಟ್ಟೆ ಗುಣಮಟ್ಟ ಬಯಸುತ್ತದೆ’ ಎಂಬಲ್ಲಿ ಖರೀದಿದಾರರು ನಿಲ್ಲುತ್ತಾರೆ. ಯಾವುದೂ ನಿಲ್ಲದ ವಾಕ್ಯ ಉಳಿದರೆ ಅಲ್ಲಿ ಮಾತ್ರ ನಿಜವಾದ ಮಾರುಕಟ್ಟೆ ಇದೆ.

ಈ ಉಪನ್ಯಾಸ ಏರ್ಪಡಿಸಿದ ಪರಿಷತ್ತಿನ ಗೆಳೆಯರಿಗೂ ಇದಕ್ಕೆ ದತ್ತಿ ಇಟ್ಟ ಮನೆತನದವರಿಗೂ ನನ್ನ ಇನ್ನೊಂದು ಕೋರಿಕೆ. ಈ ಮೂರು ಊರುಗಳ ವ್ಯಾಪಾರದ ಪದಗಳ ಒಂದು ಕೋಶ ಆಗಬೇಕು. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದಾಗ ಅವರು ಪುಸ್ತಕದ ಮಾತಿನ ಜೊತೆ ಜನರ ಬಾಯಿಮಾತನ್ನೂ ಸೇರಿಸಿದ್ದರು. ನಾವೂ ಹಾಗೆಯೇ ಹೋಗಬೇಕು: ದಲಾಲಿ ಅಂಗಡಿಯ ಹಳೆಯ ಗುಮಾಸ್ತರ ಹತ್ತಿರ, ಹಮಾಲರ ಹತ್ತಿರ, ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಹತ್ತಿರ, ದನದ ಪ್ಯಾಟಿಯ ಮಧ್ಯಸ್ಥರ ಹತ್ತಿರ, ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಮಾಡುವವರ ಹತ್ತಿರ. ಬರಿ ನಾಮಪದ ಬರೆದುಕೊಂಡು ಬರಬಾರದು. ಉದ್ರಿ ಕೊಡುತ್ತಾರೋ, ಬರೆಯುತ್ತಾರೋ, ಹಚ್ಚುತ್ತಾರೋ? ಧಾರಣೆ ಒಡೆಯುತ್ತದೋ, ತೆಗೆಯುತ್ತಾರೋ? ಸೂಟು ಹಿಡಿಯುತ್ತಾರೋ, ಬಿಡುತ್ತಾರೋ, ಹಿಡಿಯುವವರು ಯಾರು, ಬಿಡುವವರು ಯಾರು? ಪದದ ಪಕ್ಕದಲ್ಲಿ ಅದರ ಕ್ರಿಯಾಪದವನ್ನೂ, ಆ ಕ್ರಿಯೆ ಮಾಡುವವರನ್ನೂ ಬರೆದುಕೊಳ್ಳಬೇಕು. ಹಂಗಾಮು ಮುಗಿದು ಯಾರ್ಡಿನಲ್ಲಿ ಕೆಲಸ ಕಡಿಮೆ ಇರುವ ಮಳೆಗಾಲದ ತಿಂಗಳುಗಳಲ್ಲಿ ಬ್ಯಾಡಗಿಯಿಂದಲೇ ಇದನ್ನು ಶುರು ಮಾಡಬಹುದು. ಆಗ ಹಮಾಲರಿಗೂ ಗುಮಾಸ್ತರಿಗೂ ಕೂತು ಮಾತನಾಡುವಷ್ಟು ಬಿಡುವಿರುತ್ತದೆ.